ಹಳೆಯ ಕಾರಿನ ರೇಡಿಯೇಟರ್ ಹೋಸ್: ಯಾವಾಗ ಬದಲಿಸಬೇಕು, ಯಾವುದನ್ನು ಹಾಕಿಸಬೇಕು

ಕಾರಿಗೆ ಹದಿನೈದು ವರ್ಷ ತುಂಬಿದರೂ ಮಾರಲು ಮನಸ್ಸಾಗದೆ, ಆರ್‌ಟಿಒ ಕಚೇರಿಗೆ ಅಲೆದು ನೋಂದಣಿಯನ್ನು ಇನ್ನು 5 ವರ್ಷಕ್ಕೆ ನವೀಕರಿಸಿಕೊಂಡವರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಇಂಥವರು ಟೈರಿಗೆ, ಬ್ಯಾಟರಿಗೆ, ಬ್ರೇಕಿಗೆ ಹಿಂದುಮುಂದು ನೋಡದೆ ಖರ್ಚು ಮಾಡುತ್ತಾರೆ. ಆದರೆ ಎಂಜಿನ್ನಿನಿಂದ ರೇಡಿಯೇಟರಿಗೂ ರೇಡಿಯೇಟರಿನಿಂದ ಎಂಜಿನ್ನಿಗೂ ಬಿಸಿ ಕೂಲೆಂಟನ್ನು (ಎಂಜಿನ್ ತಣಿಸುವ ದ್ರವವನ್ನು) ಸಾಗಿಸುವ ಕಪ್ಪು ರಬ್ಬರ್ ಹೋಸ್‌ಗಳು ಮಾತ್ರ ಕಾರು ಷೋರೂಮಿನಿಂದ ಹೊರಬಂದ ದಿನ ಇದ್ದವೇ ಉಳಿದಿರುತ್ತವೆ. ಒಂದು ಸಣ್ಣ ಕಾರಿನ ಮೇಲಿನ ಹೋಸ್‌ಗೆ ಕೆಲವು ನೂರು ರೂಪಾಯಿ. ಅದು ಒಡೆದದ್ದನ್ನು ಗಮನಿಸದೆ ಐದಾರು ನಿಮಿಷ ಓಡಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬೆಂಡಾಗಿ, ಅದರ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ ಬಿಚ್ಚಿಸುವ ಖರ್ಚು ಹತ್ತಾರು ಸಾವಿರಕ್ಕೆ ಏರಬಹುದು. ಆದ್ದರಿಂದ ಹೋಸ್ ಬದಲಿಸುವುದೋ ಬೇಡವೋ ಎಂಬುದಕ್ಕಿಂತ, ಎಷ್ಟನ್ನು, ಯಾವ ಮಾಲಿನಿಂದ, ಯಾವ ಕ್ಲಿಪ್ ಹಾಕಿ ಬದಲಿಸಬೇಕು ಎಂಬುದನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ.

ಬೆಂಗಳೂರಿನಲ್ಲಿ ಕಿಲೋಮೀಟರ್ ಲೆಕ್ಕ ಸಾಲದು

ಕಾರಿನ ಕೈಪಿಡಿಯಲ್ಲಿ ಹೋಸ್‌ಗಳ ಬಗ್ಗೆ ಹೆಚ್ಚಾಗಿ ಇರುವುದು ‘ಪರಿಶೀಲಿಸಿ’ ಎಂಬ ಒಂದೇ ಮಾತು. ವಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವ ಅಭ್ಯಾಸವಿರುವ ನಾವು, ಮೀಟರಿನಲ್ಲಿ 60,000 ಕಿ.ಮೀ. ಕಂಡರೆ ಕಾರು ಹೆಚ್ಚು ಓಡಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಹೋಸ್ ಸವೆಯುವುದು ಕಾರು ಕ್ರಮಿಸಿದ ದೂರದಿಂದಲ್ಲ, ಬಿಸಿ ಮತ್ತು ಒತ್ತಡದಲ್ಲಿ ಅದು ಕಳೆದ ಗಂಟೆಗಳಿಂದ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಓಡಿದ ಕಾರಿನ ಎಂಜಿನ್ 60,000 ಕಿ.ಮೀ.ಗೆ 1,000 ಗಂಟೆ ಕೆಲಸ ಮಾಡಿರುತ್ತದೆ. ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಕೆ.ಆರ್. ಪುರಗಳ ನಡುವೆ ಸರಾಸರಿ 20 ಕಿ.ಮೀ. ವೇಗದಲ್ಲಿ ತೆವಳಿದ ಕಾರಿನದ್ದು ಅಷ್ಟೇ ದೂರಕ್ಕೆ 3,000 ಗಂಟೆ. ಅದರಲ್ಲೂ ನಿಂತ ಕಾರಿಗೆ ಎದುರುಗಾಳಿ ಸಿಗುವುದಿಲ್ಲ; ಬಾನೆಟ್ಟಿನ ಒಳಗಿನ ಕಾವೆಲ್ಲ ಹೋಸ್‌ಗಳ ಸುತ್ತಲೇ ಸುತ್ತುತ್ತಿರುತ್ತದೆ.

ಎತ್ತರದ ವಿಷಯವೂ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿ ಬರೀ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕಾರಿನ ಎಂಜಿನ್ ಆರಾಮವಾಗಿ ಕೆಲಸ ಮಾಡುವುದೇ 90 ಡಿಗ್ರಿಯ ಆಸುಪಾಸಿನಲ್ಲಿ, ಟ್ರಾಫಿಕ್ಕಿನಲ್ಲಿ ಅದಕ್ಕೂ ಮೇಲೆ. ಆದರೂ ಅದು ಕುದಿಯದಿರುವುದಕ್ಕೆ ಎರಡು ಕಾರಣಗಳಿವೆ: ನೀರಿಗೆ ಬೆರೆಸಿದ ಗ್ಲೈಕಾಲ್ ಕುದಿಯುವ ಮಟ್ಟವನ್ನು ಏರಿಸುತ್ತದೆ, ಮತ್ತು ರೇಡಿಯೇಟರ್ ಕ್ಯಾಪ್ ಇಡೀ ವ್ಯವಸ್ಥೆಯನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಕ್ಯಾಪಿನ ಮೇಲೆ ಅಚ್ಚಾಗಿರುವ 0.9 ಅಥವಾ 1.1 ಎಂಬ ಅಂಕಿ ಆ ಒತ್ತಡದ್ದೇ. ಹೋಸ್‌ನಲ್ಲಿ ಒಂದು ಸೀಳು ಬಿದ್ದರೆ ಸೋರುವುದು ಕೂಲೆಂಟ್ ಮಾತ್ರವಲ್ಲ. ಒತ್ತಡವೂ ಅದರೊಂದಿಗೆ ಇಳಿದುಹೋಗಿ, ಒಳಗೆ ಉಳಿದದ್ದು ಆ ಕ್ಷಣದಲ್ಲೇ ಕುದಿಯತೊಡಗುತ್ತದೆ. ಸಣ್ಣ ಸೋರಿಕೆ ನಿಮಿಷಗಳಲ್ಲಿ ದೊಡ್ಡ ಅನಾಹುತವಾಗುವುದು ಹೀಗೆ.

ಹೋಸ್ ತಯಾರಿಸುವವರಲ್ಲಿ ಕೆಲವರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಒಳ್ಳೆಯ ಕೂಲೆಂಟ್ ಹಾಕಿ ನೋಡಿಕೊಂಡ ಕಾರಿಗೆ ಅದು ಅತಿಯಾದ ಎಚ್ಚರಿಕೆಯೆಂದೇ ನನ್ನ ಅಭಿಪ್ರಾಯ. ಐದನೆಯ ವರ್ಷದಿಂದ ವರ್ಷಕ್ಕೆ ಎರಡು ಬಾರಿ ಮುಟ್ಟಿ ಪರೀಕ್ಷಿಸುವುದು, ಎಂಟರಿಂದ ಹತ್ತು ವರ್ಷದೊಳಗೆ ಹೋಸ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಬದಲಿಸುವುದು ನಮ್ಮ ಊರಿನ ಓಡಾಟಕ್ಕೆ ಹೊಂದುತ್ತದೆ. ಕೈಬದಲಾದ ಕಾರನ್ನು ಕೊಂಡವರು, ಹೋಸ್ ಬದಲಿಸಿದ ಬಿಲ್ ಕೈಗೆ ಸಿಗದಿದ್ದರೆ, ಅವು ಕಾರಿನಷ್ಟೇ ಹಳೆಯವು ಎಂದು ಎಣಿಸುವುದೇ ಸರಿ.

ಹಿಸುಕಿ ನೋಡುವ ಕ್ರಮ

ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ತೆರೆಯಿರಿ. ರೇಡಿಯೇಟರಿನ ಮೇಲ್ಭಾಗದಿಂದ ಎಂಜಿನ್ನಿಗೆ ಹೋಗುವ ದಪ್ಪ ಹೋಸ್ ಟಾಪ್ ಹೋಸ್. ಕೆಳಗಿನಿಂದ ವಾಟರ್ ಪಂಪ್ ಕಡೆಗೆ ಹೋಗುವುದು ಬಾಟಮ್ ಹೋಸ್. ಇವೆರಡರ ಜೊತೆಗೆ ಎಂಜಿನ್ನಿನ ಹಿಂದೆ, ಡ್ಯಾಷ್‌ಬೋರ್ಡಿನ ಗೋಡೆಯೊಳಕ್ಕೆ ನುಗ್ಗುವ ಎರಡು ಸಣ್ಣ ಹೀಟರ್ ಹೋಸ್‌ಗಳಿರುತ್ತವೆ. ಅನೇಕ ಎಂಜಿನ್‌ಗಳಲ್ಲಿ ಗೇಣುದ್ದವೂ ಇಲ್ಲದ ಒಂದು ಬೈಪಾಸ್ ಹೋಸ್ ಎಲ್ಲೋ ಸಂದಿಯಲ್ಲಿ ಅಡಗಿರುತ್ತದೆ.

ಬಹಳ ಜನ ಟಾಪ್ ಹೋಸನ್ನು ಮಧ್ಯದಲ್ಲಿ ಒಮ್ಮೆ ಹಿಂಡಿ, ಗಟ್ಟಿಯಾಗಿದೆ ಎಂದು ಬಾನೆಟ್ ಮುಚ್ಚುತ್ತಾರೆ. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೆ. “ಸರ್, ಮಧ್ಯದಲ್ಲಿ ಅಲ್ಲ, ಕ್ಲಿಪ್ ಪಕ್ಕದಲ್ಲಿ ಒತ್ತಿ ನೋಡಿ” ಎಂದು ತೋರಿಸಿಕೊಟ್ಟವರು ಒಬ್ಬ ಹಿರಿಯ ಮೆಕ್ಯಾನಿಕ್. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೋಸ್‌ನ ತುದಿಯನ್ನು, ಕ್ಲಿಪ್‌ನಿಂದ ಎರಡು ಬೆರಳಷ್ಟು ದೂರದಲ್ಲಿ, ನಿಧಾನವಾಗಿ ಒತ್ತಬೇಕು. ಆಮೇಲೆ ಅದೇ ಹೋಸ್‌ನ ಮಧ್ಯಭಾಗವನ್ನು ಒತ್ತಿ ಎರಡನ್ನೂ ಹೋಲಿಸಬೇಕು. ತುದಿ ಮಧ್ಯಕ್ಕಿಂತ ಮೆತ್ತಗಿದ್ದರೆ, ಅಥವಾ ಒತ್ತಿದಾಗ ಒಳಗೆ ಉದ್ದಕ್ಕೆ ಒಂದು ಗೆರೆಯೋ ಸಂದೋ ಬೆರಳಿಗೆ ಸಿಕ್ಕಿದಂತಾದರೆ, ಹೊರಗೆ ಒಂದು ಗೀರೂ ಕಾಣದಿದ್ದರೂ ಆ ಹೋಸ್ ಕೆಲಸಕ್ಕೆ ಬಾರದು.

ಹೀಗಾಗಲು ಕಾರಣವಿದೆ. ಈ ಹೋಸ್‌ಗಳನ್ನು ಇಪಿಡಿಎಂ ಎಂಬ ರಬ್ಬರಿನಿಂದ ಮಾಡಿ, ರಬ್ಬರಿನ ಎರಡು ಪದರಗಳ ನಡುವೆ ನೂಲಿನ ಹೆಣಿಗೆ ಇಟ್ಟಿರುತ್ತಾರೆ. ಒತ್ತಡವನ್ನು ತಡೆಯುವುದು ಆ ನೂಲೇ. ಹೋಸ್‌ನ ತುದಿ ಕೂರುವ ಲೋಹದ ಮೂತಿ, ವಿದ್ಯುತ್ ಹರಿಯಬಲ್ಲ ಕೂಲೆಂಟ್ ಮತ್ತು ಇಂಗಾಲದ ಪುಡಿ ಬೆರೆತ ರಬ್ಬರ್ ಸೇರಿದಾಗ ಅಲ್ಲೊಂದು ಪುಟ್ಟ ಬ್ಯಾಟರಿಯಂತಹ ಸ್ಥಿತಿ ಉಂಟಾಗುತ್ತದೆ. ಅದರ ಪ್ರಭಾವದಿಂದ ಹೋಸ್‌ನ ಒಳಗೋಡೆಯಲ್ಲಿ, ಮುಖ್ಯವಾಗಿ ತುದಿಗಳ ಹತ್ತಿರ, ಕೂದಲೆಳೆಯಂತಹ ಬಿರುಕುಗಳು ಏಳುತ್ತವೆ. ಅವುಗಳ ಮೂಲಕ ಕೂಲೆಂಟ್ ನೂಲಿನವರೆಗೆ ಇಳಿದು ಅದನ್ನು ಸಡಿಲಗೊಳಿಸುತ್ತದೆ. ನನ್ನ ಕಾರಿನಿಂದ ತೆಗೆದ ಹಳೆಯ ಟಾಪ್ ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ ನೋಡಿದಾಗ, ಹೊರಗೆ ಮಿರಿಮಿರಿ ಕಪ್ಪಾಗಿದ್ದ ಅದರ ಒಳಮೈಯಲ್ಲಿ ತುದಿಯಿಂದ ಎರಡಂಗುಲದವರೆಗೆ ಸಮಾನಾಂತರವಾದ ಮೂರು ಸೀಳುಗಳಿದ್ದವು. ಒಂದರ ತಳದಲ್ಲಿ ಬಿಳಿಯ ನೂಲು ಒದ್ದೆಯಾಗಿ ಕಾಣುತ್ತಿತ್ತು. ಆಮೇಲೆ ಯಾವ ಹೋಸ್‌ನ ಹೊರಗಿನ ಹೊಳಪನ್ನೂ ನಾನು ನಂಬಿಲ್ಲ.

ಉಳಿದ ಲಕ್ಷಣಗಳು ಕಣ್ಣಿಗೇ ಬೀಳುತ್ತವೆ. ಕ್ಲಿಪ್ ಸುತ್ತ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿದ್ದರೆ ಅಲ್ಲಿ ಕೂಲೆಂಟ್ ಜಿನುಗಿ ಒಣಗುತ್ತಿದೆ ಎಂದರ್ಥ. ಹೋಸ್ ಒತ್ತಿದಾಗ ಹಪ್ಪಳದಂತೆ ಚಟಚಟ ಎಂದರೆ ಅದು ಕಾವಿಗೆ ಒಣಗಿ ಗಟ್ಟಿಯಾಗಿದೆ. ಒಂದು ಭಾಗ ಉಬ್ಬಿ ಸ್ಪಂಜಿನಂತೆ ಮೆತ್ತಗಾಗಿದ್ದರೆ ಅಲ್ಲಿ ಎಂಜಿನ್ ಆಯಿಲ್ ಬಿದ್ದಿರುತ್ತದೆ. ಇಪಿಡಿಎಂಗೆ ಆಯಿಲ್ ಆಗದು, ಆದ್ದರಿಂದ ಮೊದಲು ಆಯಿಲ್ ಸೋರುವುದನ್ನು ನಿಲ್ಲಿಸದೆ ಹೊಸ ಹೋಸ್ ಹಾಕಿದರೆ ಅದಕ್ಕೂ ಅದೇ ಗತಿ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಅಪಾರ್ಟ್‌ಮೆಂಟಿನವರು ಇಲಿಯ ಹಲ್ಲಿನ ಗುರುತನ್ನೂ ಹುಡುಕಬೇಕು. ವೈರುಗಳ ಜೊತೆಗೆ ಸಣ್ಣ ಹೋಸ್‌ಗಳನ್ನೂ ಅವು ಬಿಡುವುದಿಲ್ಲ.

ಎರಡು ಲಕ್ಷಣಗಳನ್ನು ಮಾತ್ರ ಹೋಸ್‌ನ ದೋಷವೆಂದು ತಪ್ಪು ತಿಳಿಯಬಾರದು. ಎಂಜಿನ್ ಆರಿದ ಮೇಲೆ ಟಾಪ್ ಹೋಸ್ ಹೀರಿಕೊಂಡಂತೆ ಚಪ್ಪಟೆಯಾಗುತ್ತಿದ್ದರೆ, ಹೆಚ್ಚಾಗಿ ಕ್ಯಾಪಿನೊಳಗಿನ ಸಣ್ಣ ವಾಲ್ವ್ ಕೆಟ್ಟಿರುತ್ತದೆ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಬಿಗಿಯಾದರೆ, ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತಿರುವ ಸಂಶಯವಿದೆ. ಅಲ್ಲಿ ನೋಡಬೇಕಾದ್ದು ಹೆಡ್ ಗ್ಯಾಸ್ಕೆಟ್.

ಒಡೆದದ್ದನ್ನು ಮಾತ್ರವೋ, ಎಲ್ಲವನ್ನೂ ಒಟ್ಟಿಗೋ

ಸೋರುವ ಒಂದನ್ನೇ ಬದಲಿಸಿದರೆ ಆ ದಿನದ ಖರ್ಚು ಕಡಿಮೆ. ಹೋಸ್‌ಗೆ ಮೂರು ನಾಲ್ಕು ವರ್ಷವಷ್ಟೇ ಆಗಿ, ಇಲಿ ಕಚ್ಚಿದ್ದೋ ಕ್ಲಿಪ್ ಕೊಯ್ದದ್ದೋ ಖಚಿತವಾಗಿದ್ದರೆ ಅಷ್ಟೇ ಸಾಕು, ಮಿಕ್ಕವನ್ನು ಮುಟ್ಟುವ ಅಗತ್ಯವಿಲ್ಲ. ವಯಸ್ಸಿನಿಂದ ಒಂದು ಹೋಸ್ ಸೋತಿದ್ದರೆ ಲೆಕ್ಕ ಬೇರೆ. ಉಳಿದವೂ ಅಷ್ಟೇ ವರ್ಷ, ಅದೇ ಕೂಲೆಂಟಿನಲ್ಲಿ, ಅದೇ ಕಾವಿನಲ್ಲಿ ಕಳೆದಿರುತ್ತವೆ.

ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಟಾಪ್ ಹೋಸ್ ಜಿನುಗಿದಾಗ ಗ್ಯಾರೇಜಿನವರು ಅದೊಂದನ್ನೇ ಬದಲಿಸಿ, ಬೈಪಾಸ್ ಹೋಸ್ ಇನ್ನೂ ಗಟ್ಟಿಯಾಗಿದೆ ಎಂದರು, ನಾನೂ ಒಪ್ಪಿದೆ. ಏಳು ತಿಂಗಳ ನಂತರ ವಿಮಾನ ನಿಲ್ದಾಣದ ಕಡೆಯಿಂದ ಬರುತ್ತಾ ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಆ ಬೈಪಾಸ್ ಹೋಸ್ ಒಡೆಯಿತು. ಮೊದಲು ಬಂದದ್ದು ಸಿಹಿಯಾದ ಒಂದು ವಾಸನೆ. ಮೀಟರಿನ ಮುಳ್ಳು ಸ್ವಲ್ಪ ಏರಿ, ಮತ್ತೆ ಇಳಿಯಿತು. ಇಳಿದದ್ದನ್ನು ಕಂಡು ಪರವಾಗಿಲ್ಲವೆಂದು ಮುಂದೆ ಓಡಿಸಿದೆ. ಆ ಮುಳ್ಳು ಇಳಿದದ್ದು ಎಂಜಿನ್ ತಣ್ಣಗಾಗಿ ಅಲ್ಲ, ಸೆನ್ಸರನ್ನು ಮುಟ್ಟಲು ಕೂಲೆಂಟೇ ಉಳಿದಿರಲಿಲ್ಲವಾದ್ದರಿಂದ. ಇದನ್ನು ಪ್ರತಿಯೊಬ್ಬ ಕಾರು ಓಡಿಸುವವರೂ ನೆನಪಿಡಬೇಕು: ಕೂಲೆಂಟ್ ಖಾಲಿಯಾದಾಗ ಮೀಟರ್ ಸುಳ್ಳು ಹೇಳಬಹುದು. ಸಿಹಿ ವಾಸನೆ ಅಥವಾ ಬಾನೆಟ್ಟಿನಿಂದ ಆವಿ ಕಂಡರೆ ಮುಳ್ಳು ಎಲ್ಲೇ ಇರಲಿ, ಕಾರನ್ನು ಬದಿಗೆ ತಂದು ಆರಿಸಲೇಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸುವುದರಲ್ಲಿ ಇನ್ನೊಂದು ಉಳಿತಾಯವಿದೆ. ಯಾವ ಹೋಸ್ ಬಿಚ್ಚಿದರೂ ಕೂಲೆಂಟ್ ಇಳಿಸಲೇಬೇಕು, ಮತ್ತೆ ತುಂಬಿ ಗಾಳಿ ತೆಗೆಯಲೇಬೇಕು. ಆ ಕೂಲೆಂಟಿನ ಬೆಲೆಯನ್ನೂ ಮಜೂರಿಯನ್ನೂ ಮೂರು ಸಲ ಕೊಡುವ ಬದಲು ಒಮ್ಮೆ ಕೊಟ್ಟರೆ ಮುಗಿಯುತ್ತದೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಅಥವಾ ರೇಡಿಯೇಟರ್ ಬದಲಿಸುವ ಸಮಯ ಹತ್ತಿರವಿದ್ದರೆ ಅದರ ಜೊತೆಗೇ ಮಾಡಿಸುವುದು ಉತ್ತಮ. ಕ್ಯಾಪ್ ಮತ್ತು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕೂಡ ಆಗಲೇ ಹೊಸದಾಗಲಿ. ಥರ್ಮೋಸ್ಟ್ಯಾಟನ್ನು ‘ನಮ್ಮ ಬಿಸಿಲಿನ ದೇಶಕ್ಕೆ ಬೇಡ’ ಎಂದು ತೆಗೆದೇ ಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ಅದಕ್ಕೆ ದಯವಿಟ್ಟು ಒಪ್ಪಬೇಡಿ. ಎಂಜಿನ್ ಸರಿಯಾದ ಕಾವಿಗೆ ಬರಲು ತಡವಾದಷ್ಟೂ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಎಂಜಿನ್ ಹೆಚ್ಚು ಸವೆಯುತ್ತದೆ.

ಹೀಟರ್ ಹೋಸ್‌ಗಳನ್ನು ಮಾತ್ರ ನಮ್ಮ ಊರಿನಲ್ಲಿ ಎಲ್ಲರೂ ಮರೆಯುತ್ತಾರೆ, ಏಕೆಂದರೆ ಇಲ್ಲಿ ಹೀಟರ್ ಹಾಕುವವರೇ ಇಲ್ಲ. ಆದರೆ ಬಹಳಷ್ಟು ಕಾರುಗಳಲ್ಲಿ ಹೀಟರಿನ ಗುಂಡಿ ತಣ್ಣನೆಯ ಕಡೆಗಿದ್ದರೂ ಆ ಹೋಸ್‌ಗಳಲ್ಲಿ ಬಿಸಿ ಕೂಲೆಂಟ್ ಹರಿಯುತ್ತಲೇ ಇರುತ್ತದೆ. ಕೈಗೆ ಎಟುಕದ ಜಾಗವೆಂದು ಮಜೂರಿ ಸ್ವಲ್ಪ ಹೆಚ್ಚು ಕೇಳಿದರೂ ಕೊಟ್ಟು ಬದಲಿಸಿಕೊಳ್ಳಿ.

ಯಾವ ಮಾಲು

ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಂದೇ ಕಾರಿಗೆ ಮೂರು ನಾಲ್ಕು ಬಗೆಯ ಹೋಸ್‌ಗಳನ್ನು ಮುಂದಿಡುತ್ತಾರೆ. ಕಾರಿನ ಕಂಪನಿಯ ಹೆಸರಿನ ಪ್ಯಾಕೆಟ್ಟಿನಲ್ಲಿ ಬರುವ ಅಸಲಿ ಮಾಲು ಮೊದಲನೆಯದು. ಆಯಾ ಎಂಜಿನ್ನಿನ ತಿರುವುಗಳಿಗೆ ತಕ್ಕಂತೆ ಅಚ್ಚಿನಲ್ಲೇ ಬಾಗಿಸಿ ತಯಾರಿಸಿದ ಹೋಸ್ ಇದಾದ್ದರಿಂದ ಫ್ಯಾನಿಗೂ ಬೆಲ್ಟಿಗೂ ತಾಗದೆ ತನ್ನ ಜಾಗದಲ್ಲಿ ಕೂರುತ್ತದೆ. ಇನ್ನೂ ಮಾರಾಟದಲ್ಲಿರುವ ಅಥವಾ ಇತ್ತೀಚೆಗೆ ನಿಂತ ಮಾದರಿಯಾದರೆ ನನ್ನ ಆಯ್ಕೆ ಇದೇ. ಬೆಲೆಯ ವ್ಯತ್ಯಾಸ ಕೆಲವು ನೂರು ರೂಪಾಯಿ ಮೀರುವುದು ಅಪರೂಪ.

ಎರಡನೆಯದು, ಕಾರು ಕಂಪನಿಗಳಿಗೇ ಸರಬರಾಜು ಮಾಡುವ ಅಥವಾ ಅದೇ ದರ್ಜೆಯ ತಯಾರಕರು ತಮ್ಮ ಹೆಸರಿನಲ್ಲಿ ಮಾರುವ ಅಚ್ಚಿನ ಹೋಸ್. ಕಾರಿನ ಮಾದರಿ ನಿಂತು ಬಹಳ ವರ್ಷವಾಗಿ, ಅಸಲಿ ಮಾಲು ಸಿಗದಾಗ ಅಥವಾ ಗೋದಾಮಿನಲ್ಲಿ ಹಲವು ವರ್ಷ ಬಿದ್ದಿದ್ದ ಸ್ಟಾಕ್ ಸಿಕ್ಕಾಗ ಇದನ್ನು ಕೊಳ್ಳುವುದೇ ಜಾಣತನ. ಪ್ಯಾಕೆಟ್ಟಿನ ಮೇಲೆ ತಯಾರಾದ ತಿಂಗಳು ಮತ್ತು ವರ್ಷ ಮುದ್ರಿಸಿರುತ್ತಾರೆ. ಕೌಂಟರಿನಲ್ಲಿ ದುಡ್ಡು ಕೊಡುವ ಮುಂಚೆ ಓದಿ. ಹಳೆಯ ಹೋಸನ್ನು ಜೊತೆಗೆ ಒಯ್ದು, ಎರಡನ್ನೂ ಪಕ್ಕಪಕ್ಕ ಹಿಡಿದು ಉದ್ದ, ತಿರುವು, ಬಾಯಿಯ ಅಳತೆ ಹೋಲಿಸಿ. ಬಾಟಮ್ ಹೋಸ್ ಆದರೆ ಹಳೆಯದರ ಒಳಗೆ ಸ್ಪ್ರಿಂಗ್ ಇದೆಯೇ ನೋಡಿ. ಅದು ಪಂಪ್ ಎಳೆಯುವ ಕಡೆಯ ಹೋಸ್ ಆದ್ದರಿಂದ ಒಳಕ್ಕೆ ಕುಸಿಯದಂತೆ ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಇಟ್ಟಿರುತ್ತಾರೆ. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದಿದ್ದರೆ, ಅದು ಬೇಡದ ಹಾಗೆ ತಯಾರಾದ ಹೋಸ್ ಹೌದೇ ಎಂದು ಕೇಳಿ ತಿಳಿದೇ ಕೊಳ್ಳಿ.

ಮೂರನೆಯದು, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ನೇರ ಹೋಸ್. ಹೀಟರ್ ಹೋಸ್‌ನ ನೇರವಾದ ತುಂಡಿಗೆ, ಕೂಲೆಂಟಿಗೆಂದೇ ಮಾಡಿದ ಮಾಲಾದರೆ, ಇದು ನಡೆಯುತ್ತದೆ. ಟಾಪ್ ಹೋಸ್ ಜಾಗದಲ್ಲಿ ಇದನ್ನು ಬಲವಂತವಾಗಿ ಬಗ್ಗಿಸಿ ಹಾಕಿದರೆ ತಿರುವಿನಲ್ಲಿ ಮಡಿಕೆ ಬಿದ್ದು ಹರಿವು ಕಟ್ಟುತ್ತದೆ, ರೇಡಿಯೇಟರಿನ ಪ್ಲಾಸ್ಟಿಕ್ ಮೂತಿಯ ಮೇಲೆ ಸದಾ ಜಗ್ಗು ಇರುತ್ತದೆ. ಪೆಟ್ರೋಲ್ ಅಥವಾ ಗಾಳಿಯ ಹೋಸ್ ತುಂಡುಗಳನ್ನು ಇಲ್ಲಿಗೆ ತರಲೇಬಾರದು. ಗುಜರಿಯ ಹೋಸ್‌ನ ಮಾತಂತೂ ಬೇಡ; ಅದರ ವಯಸ್ಸನ್ನು ಹೇಳುವವರು ಯಾರೂ ಇಲ್ಲ.

ಇನ್ನು ನೀಲಿ, ಕೆಂಪು ಬಣ್ಣದ ಸಿಲಿಕೋನ್ ಹೋಸ್. ಇದು ಸುಮಾರು 180 ಡಿಗ್ರಿವರೆಗೆ ತಾಳುತ್ತದೆ, ಇಪಿಡಿಎಂನಂತೆ ಬೇಗ ಒಣಗಿ ಬಿರಿಯುವುದಿಲ್ಲ. ಆದರೆ ಬೆಲೆ ಹಲವು ಪಟ್ಟು ಹೆಚ್ಚು, ಆಯಿಲ್ ಇದಕ್ಕೂ ಆಗದು, ಅದರ ಗೋಡೆಯ ಮೂಲಕ ನೀರಾವಿ ಸ್ವಲ್ಪ ಸ್ವಲ್ಪವಾಗಿ ಹೊರಹೋಗುವುದರಿಂದ ಕೂಲೆಂಟ್ ಮಟ್ಟವನ್ನು ಆಗಾಗ ನೋಡುತ್ತಿರಬೇಕು. ಮೆತ್ತಗಿನ ವಸ್ತುವಾದ್ದರಿಂದ ಸಾಮಾನ್ಯ ತೂತು ಪಟ್ಟಿಯ ಕ್ಲಿಪ್ ಅದನ್ನು ಕೊಯ್ಯುತ್ತದೆ. ಒಳಮೈ ನುಣುಪಾದ ಕ್ಲಿಪ್ಪೇ ಬೇಕು. ರೇಸಿಗೆ ಓಡಿಸುವವರಿಗೆ ಅಥವಾ ಟರ್ಬೊ ಪಕ್ಕದಲ್ಲೇ ಹೋಸ್ ಹಾದುಹೋಗುವ ಎಂಜಿನ್‌ಗೆ ಇದರಲ್ಲಿ ಅರ್ಥವಿದೆ. ಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿಬರುವ ಸಣ್ಣ ಕಾರಿಗೆ ಆ ಹಣವನ್ನು ಒಳ್ಳೆಯ ಕೂಲೆಂಟಿಗೂ ಹೊಸ ಕ್ಯಾಪಿಗೂ ಹಾಕುವುದು ಮೇಲು.

ಸ್ಪ್ರಿಂಗ್ ಕ್ಲಿಪ್ ಮತ್ತು ಸ್ಕ್ರೂ ಕ್ಲಿಪ್

ಕಾರ್ಖಾನೆಯಿಂದ ಬಂದ ಸ್ಪ್ರಿಂಗ್ ಕ್ಲಿಪ್ಪುಗಳನ್ನು ಕಿತ್ತೆಸೆದು ಸ್ಕ್ರೂ ಕ್ಲಿಪ್ ಹಾಕುವುದನ್ನು ಸುಧಾರಣೆ ಎಂದು ತಿಳಿದವರೇ ಹೆಚ್ಚು. ವಾಸ್ತವ ಹಾಗಿಲ್ಲ. ಹೋಸ್ ಬಿಸಿಯಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ, ವರ್ಷಗಳು ಕಳೆದಂತೆ ಕ್ಲಿಪ್ಪಿನ ಕೆಳಗೆ ತೆಳ್ಳಗಾಗುತ್ತದೆ. ಸ್ಪ್ರಿಂಗ್ ಕ್ಲಿಪ್ ಈ ಮೂರಕ್ಕೂ ತಾನೇ ಹೊಂದಿಕೊಂಡು ಒಂದೇ ಹಿಡಿತ ಇಡುತ್ತದೆ. ಸ್ಕ್ರೂ ಕ್ಲಿಪ್ ಬಿಗಿದಷ್ಟಕ್ಕೇ ನಿಲ್ಲುತ್ತದೆ. ಚಳಿಗಾಲದ ಮುಂಜಾನೆ ಮಾತ್ರ ಎರಡು ಹನಿ ಸೋರಿ, ಎಂಜಿನ್ ಬಿಸಿಯಾದ ಮೇಲೆ ತಾನೇ ನಿಲ್ಲುವ ಸೋರಿಕೆಗೆ ಎಷ್ಟೋ ಸಲ ಇದೇ ಕಾರಣ. ಸೋರಿತೆಂದು ಇನ್ನೂ ಬಿಗಿದರೆ ಪಟ್ಟಿಯ ಅಂಚು ರಬ್ಬರನ್ನು ಕೊಯ್ಯುತ್ತದೆ, ಅಥವಾ ಪ್ಲಾಸ್ಟಿಕ್ ಮೂತಿಯೇ ಸೀಳುತ್ತದೆ. ಆಗ ಹೋಸ್ ಅಲ್ಲ, ರೇಡಿಯೇಟರೇ ಹೊಸದು ಬೇಕಾಗುತ್ತದೆ.

ಹಳೆಯ ಸ್ಪ್ರಿಂಗ್ ಕ್ಲಿಪ್‌ಗಳು ತುಕ್ಕಿಲ್ಲದೆ, ಹಿಡಿತ ಕಳೆದುಕೊಳ್ಳದೆ ಇದ್ದರೆ ಅವನ್ನೇ ಉಳಿಸಿ. ಇಲ್ಲವಾದರೆ ಅದೇ ಅಳತೆಯ ಹೊಸ ಸ್ಪ್ರಿಂಗ್ ಕ್ಲಿಪ್ ಹಾಕಿಸಿ. ಅನಿವಾರ್ಯವಾಗಿ ಸ್ಕ್ರೂ ಕ್ಲಿಪ್ ಹಾಕಿದರೆ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಒಂದು ವಾರದ ನಂತರ ತಣ್ಣಗಿರುವಾಗ ಮತ್ತೊಮ್ಮೆ ಸ್ಕ್ರೂ ಮುಟ್ಟಿ ನೋಡಿ. ಯಾವುದೇ ಕ್ಲಿಪ್ ಆಗಲಿ, ಮೂತಿಯ ಸುತ್ತ ಉಬ್ಬಿರುವ ಅಂಚನ್ನು ದಾಟಿ ಅದರ ಹಿಂದೆ ಕೂರಬೇಕು, ಅಂಚಿನ ಮೇಲಲ್ಲ.

ಮನೆಯಲ್ಲಿ ಮಾಡುವುದಾದರೆ

ಟಾಪ್ ಹೋಸನ್ನು ಸ್ವಲ್ಪ ಕೈಪಳಗಿದವರು ಮನೆಯಂಗಳದಲ್ಲೇ ಬದಲಿಸಬಹುದು. ಬಾಟಮ್ ಹೋಸ್, ಬೈಪಾಸ್ ಮತ್ತು ಹೀಟರ್ ಹೋಸ್‌ಗಳನ್ನು ಗ್ಯಾರೇಜಿಗೆ ಬಿಡುವುದೇ ಸರಿ. ಎಂಜಿನ್ ಪೂರ್ತಿ ತಣ್ಣಗಾಗುವ ಮೊದಲು ಕ್ಯಾಪ್ ತೆಗೆಯಬಾರದು ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಇಳಿಸಿದ ಕೂಲೆಂಟನ್ನು ಅಗಲವಾದ ಪಾತ್ರೆಯಲ್ಲಿ ಹಿಡಿದು ಕೂಡಲೇ ಮುಚ್ಚಿಡಿ. ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ, ಬೀದಿನಾಯಿಯೋ ಬೆಕ್ಕೋ ನೆಕ್ಕಿದರೆ ಉಳಿಯುವುದು ಕಷ್ಟ. ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಒಪ್ಪಿಸಿ.

ಹಳೆಯ ಹೋಸ್ ಮೂತಿಗೆ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ. ಬ್ಲೇಡಿನ ಗೀರು ಮೂತಿಗೆ ಬೀಳದಂತೆ ಎಚ್ಚರವಿರಲಿ. ಲೋಹದ ಮೂತಿಯಾದರೆ ನುಣುಪಾದ ಎಮರಿ ಕಾಗದದಿಂದ ಹಕ್ಕಳೆ ತೆಗೆಯಿರಿ. ಪ್ಲಾಸ್ಟಿಕ್ ಆದರೆ ಒದ್ದೆ ಬಟ್ಟೆ ಸಾಕು. ಹೊಸ ಹೋಸ್ ಏರದಿದ್ದರೆ ಒಳಗೆ ಸ್ವಲ್ಪ ಕೂಲೆಂಟನ್ನೇ ಸವರಿ, ಗ್ರೀಸ್ ಬೇಡ. ಕ್ಲಿಪ್ಪನ್ನು ಮೊದಲೇ ಹೋಸ್‌ನ ಮೇಲೆ ತೂರಿಸಿಕೊಳ್ಳಿ.

ತುಂಬುವಾಗ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ ಹಾಕಿ. ಬಣ್ಣ ಒಂದೇ ಇದ್ದರೂ ಒಳಗಿನ ರಾಸಾಯನಿಕ ಬೇರೆ ಇರಬಹುದು, ಆದ್ದರಿಂದ ಬಣ್ಣ ನೋಡಿ ಬೆರೆಸುವುದು ಬೇಡ. ದ್ರಾವಣಕ್ಕೆ ನೀರು ಸೇರಿಸಬೇಕಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬಡಾವಣೆಗಳ ಬೋರ್‌ವೆಲ್ ನೀರು ಗೀಸರಿನ ಕಾಯಿಲಿಗೆ ಏನು ಮಾಡುತ್ತದೆಂದು ಕಂಡವರಿಗೆ ಅದು ರೇಡಿಯೇಟರಿನ ಸಣ್ಣ ನಾಳಗಳಿಗೆ ಏನು ಮಾಡೀತೆಂದು ವಿವರಿಸಬೇಕಿಲ್ಲ. ಕಾರಿನ ಮುಂಭಾಗ ಸ್ವಲ್ಪ ಎತ್ತರಕ್ಕಿರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ ನಿಧಾನವಾಗಿ ತುಂಬಿ. ಗಾಳಿಯ ಗುಳ್ಳೆಗಳು ನಿಂತು ದ್ರವವಷ್ಟೇ ಬರತೊಡಗಿದ ಮೇಲೆ ಸ್ಕ್ರೂ ಮತ್ತು ಕ್ಯಾಪ್ ಎರಡನ್ನೂ ಮುಚ್ಚಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಚಾಲೂ ಇಡಿ. ಹೀಟರಿನಿಂದ ಬಿಸಿಗಾಳಿ ಬಾರದಿದ್ದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ.

ಮಾರನೆಯ ಬೆಳಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ಕೂಲೆಂಟ್ ಡಬ್ಬಿಯ ಮಟ್ಟ ನೋಡಿ, ಇಳಿದಷ್ಟನ್ನು ತುಂಬಿ, ಪ್ರತಿ ಕ್ಲಿಪ್ಪಿನ ಕೆಳಗೂ ಬೆರಳಾಡಿಸಿ ತೇವವಿದೆಯೇ ಪರೀಕ್ಷಿಸಿ. ಆಮೇಲೆ ಬಿಳಿ ಪೇಂಟ್ ಪೆನ್ನಿನಿಂದ ಹೊಸ ಹೋಸ್‌ನ ಮೇಲೆ ತಿಂಗಳು ಮತ್ತು ವರ್ಷ ಬರೆದಿಡಿ. ಮುಂದೆ ಕಾರು ನಿಮ್ಮ ಕೈಯಲ್ಲೇ ಇರಲಿ, ಬೇರೆಯವರ ಕೈ ಸೇರಿರಲಿ, ಬಾನೆಟ್ ತೆರೆದವರಿಗೆ ಅದರ ವಯಸ್ಸು ಅಲ್ಲೇ ಸಿಗುತ್ತದೆ.